ಅತ್ತೆಗೆ ಹೆದರುವ ಕಂಪ್ಯೂಟರ್

ಕಂಪ್ಯೂಟರ್ ಕೂಡಿಸುವ ಕೆಲಸ ಕಲಿಯಬೇಕೆಂದು ಬರುವ ಹುಡುಗ ಹುಡುಗಿಯರು ನನ್ನ ಮುಂದೆ ಕುಳಿತು ಮೊದಲು ಕೇಳುವುದು ಒಂದೇ ಪ್ರಶ್ನೆ: "ಶಾರದಕ್ಕ, ಕಡಿಮೆ ಖರ್ಚಲ್ಲಿ ಯಾವ ಪ್ರೊಸೆಸರ್ ಒಳ್ಳೇದು?" ನಾನು "ಯಾರ ಮನೆಗೆ?" ಎಂದು ತಿರುಗಿ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಮುದುಕಿಗೆ ಕಿವಿ ಕೇಳುವುದಿಲ್ಲ ಎಂದುಕೊಳ್ಳುತ್ತಾರೋ ಏನೋ. ಕಿವಿ ಚೆನ್ನಾಗಿಯೇ ಇದೆ. ಕಣ್ಣಿಗೆ ಪೊರೆ ಬಂದು ಸಣ್ಣ ಸ್ಕ್ರೂ ಕಾಣದಂತಾಯಿತು, ಅದಕ್ಕೇ ಕೆಲಸ ಬಿಟ್ಟೆ.

ನಾನು ಕಲಿತದ್ದು ಕುಮಟೆಯಲ್ಲಿ, ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ. ರೇಡಿಯೋ ಸತ್ತಿತು, ಟೇಪ್ ರೆಕಾರ್ಡರ್ ಸಾಯಲು ಹೊರಟಿತು, ಆಗ ಹೊನ್ನಾವರದ ವಾಮನ ಧಣಿಗಳು ತಮ್ಮ ಗಡಿಯಾರದ ಅಂಗಡಿಯ ಅರ್ಧ ಗೋಡೆ ಖಾಲಿ ಮಾಡಿ ಕಂಪ್ಯೂಟರ್ ಬೋರ್ಡು ಹಾಕಿದರು. ಬೋರ್ಡು ಹಾಕಿದ ಮೇಲೆ ಕಂಪ್ಯೂಟರ್ ಬಿಚ್ಚಲು ಗೊತ್ತಿದ್ದವರು ಯಾರಾದರೂ ಬೇಕಲ್ಲ ಎಂದು ನೆನಪಾಯಿತು. ನಾನು ಸೇರಿದೆ. ಅಂಗಡಿಗೆ ಬಂದವರು ನನ್ನನ್ನು ದಾಟಿ ಒಳಗೆ ಇಣುಕಿ "ಮೇಸ್ತ್ರಿ ಎಲ್ಲಿ?" ಎಂದು ಕೇಳುತ್ತಿದ್ದರು. "ಊಟಕ್ಕೆ ಹೋಗಿದಾನೆ, ಸಾಮಾನು ಇಟ್ಟು ಹೋಗಿ" ಅನ್ನುತ್ತಿದ್ದೆ. ಅವರು ಚಾ ಕುಡಿದು ಬರುವುದರೊಳಗೆ ರಿಪೇರಿ ಮುಗಿಸಿ ಇಟ್ಟಿರುತ್ತಿದ್ದೆ. ಆ ಮೇಸ್ತ್ರಿಗೆ ಊರಲ್ಲಿ ಬಹಳ ಒಳ್ಳೆಯ ಹೆಸರಿತ್ತು.

ಧಣಿಗಳು ಒಳ್ಳೆಯವರೇ. ಆದರೆ ಅವರ ವ್ಯಾಪಾರದ ನೀತಿ ಗಡಿಯಾರದ ಕಾಲದ್ದು: ಕಾಣುವುದಕ್ಕೆ ಖರ್ಚು ಮಾಡು, ಕಾಣದ್ದಕ್ಕೆ ಕತ್ತರಿ ಹಾಕು. ಹೊರಗಿನ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್, ಮಿರಿಮಿರಿ ಮಿಂಚಬೇಕು. ಒಳಗೆ ಕರೆಂಟು ಹಂಚುವ ಡಬ್ಬಿ, ನಾವು ಎಸ್ಸೆಂಪಿಎಸ್ ಎನ್ನುವುದು, ಎಲ್ಲಕ್ಕಿಂತ ಸೋವಿಯದು. ರ‍್ಯಾಮಿಗೆ ಅವರು ರಾಮ ಎಂದೇ ಹೇಳುತ್ತಿದ್ದರು. "ಶಾರದಾ, ಬಡವರ ಮನೆ, ಅರ್ಧ ರಾಮ ಸಾಕು" ಎಂದು ಅವರು ಅಂದಾಗ ಗಿರಾಕಿಗಳು ಭಕ್ತಿಯಿಂದ ತಲೆ ಆಡಿಸುತ್ತಿದ್ದರು.

ಗಿರಾಕಿಗಳೂ ಏನು ಕಡಿಮೆ ಇರಲಿಲ್ಲ. ಮುಟ್ಟಳ್ಳಿಯ ಮೇಷ್ಟ್ರೊಬ್ಬರು ಮಗಳಿಗೆಂದು ಕಂಪ್ಯೂಟರ್ ಕೂಡಿಸಲು ಹೇಳಿದರು. ಸಹೋದ್ಯೋಗಿ ಯಾರೋ ಕಿವಿಯೂದಿದ್ದ, ಪ್ರೊಸೆಸರ್ ಮಾತ್ರ ಎಲ್ಲಕ್ಕಿಂತ ದೊಡ್ಡದಿರಬೇಕೆಂದು. ನಾನು ಬೇಡವೆಂದು ಬಾಯಿ ನೋಯುವವರೆಗೆ ಹೇಳಿದೆ. ಕೇಳದೆ ದುಡ್ಡೆಲ್ಲ ಪ್ರೊಸೆಸರಿಗೇ ಸುರಿದು ಉಳಿದದ್ದರಲ್ಲಿ ಚೂರು ರ‍್ಯಾಮ್ ಹಾಕಿಸಿಕೊಂಡರು. ಮನೆಗೆ ಹೋದ ಮೇಲೆ ಸ್ವಿಚ್ ಹಾಕಿ ಸ್ನಾನಕ್ಕೆ ಹೋಗಿ, ದೇವರ ದೀಪ ಹಚ್ಚಿ, ತಿಂಡಿ ತಿಂದು ಬಂದರೆ ಆಗಷ್ಟೇ ಪರದೆ ಬೆಳಗಿರುತ್ತಿತ್ತಂತೆ. ಕುಮಟೆಯ ಇನ್ನೊಂದು ಮನೆಯವರು ಮಳೆಗಾಲ ಶುರುವಾದ ಕೂಡಲೇ ಕಂಪ್ಯೂಟರಿಗೆ ಪ್ಲಾಸ್ಟಿಕ್ ಸುತ್ತಿ, ಒಳಗೆ ನುಸಿಗುಳಿಗೆ ಹಾಕಿ, ಮೇಲೆ ಕಸೂತಿ ಬಟ್ಟೆ ಹೊದೆಸಿ ನವರಾತ್ರಿಗೆ ತೆಗೆದರು. ಮದರ್‌ಬೋರ್ಡಿನ ಮೇಲೆ ಹಳೇ ಉಪ್ಪಿನಕಾಯಿ ಭರಣಿಯ ಹಾಗೆ ಬೂಷ್ಟು ಬೆಳೆದಿತ್ತು. ಆಮೇಲೆ ಕರಾವಳಿಯ ಮನೆಗೆ ಕೊಡುವ ಪ್ರತಿ ಪೆಟ್ಟಿಗೆಯ ಜೊತೆಗೂ ಮಳೆಗಾಲದಲ್ಲಿ ದಿನಾ ಸ್ವಲ್ಪ ಹೊತ್ತು ಸುಮ್ಮನೆ ಉರಿಸಿಡಿ ಎಂದು ಹೇಳಿ ಕಳಿಸುತ್ತಿದ್ದೆ.

ಈ ಕಥೆಗಳನ್ನು ಎಲ್ಲ ಮೆಕ್ಯಾನಿಕ್‌ಗಳೂ ಹೇಳುತ್ತಾರೆ. ನಿಮಗೆ ಹೇಳಲೇಬೇಕಾದದ್ದು ಮಾವಿನಕುರ್ವೆಯ ದೇವಕ್ಕನ ವಿಷಯ.

ಮಾವಿನಕುರ್ವೆ ಶರಾವತಿ ಸಮುದ್ರ ಸೇರುವಲ್ಲಿರುವ ನಡುಗಡ್ಡೆ. ದೇವಕ್ಕ ಅಲ್ಲಿಂದ ದಿನಾ ಬೆಳಗಿನ ದೋಣಿಯಲ್ಲಿ ಬಂದು ಹೊನ್ನಾವರದಲ್ಲಿ ಮೀನು ಮಾರುವವಳು. ಒಂದು ದಿನ ಬುಟ್ಟಿಯನ್ನು ಅಂಗಡಿಯ ಮೆಟ್ಟಿಲ ಮೇಲಿಟ್ಟು ಒಳಗೆ ಬಂದಳು. ಧಣಿಗಳು ಮೂಗಿಗೆ ಪಂಚೆಯ ತುದಿ ಹಿಡಿದರು.

"ಒಂದು ಕಂಪ್ಯೂಟ್ರು ಬೇಕು. ಸೊಸೆಗೆ" ಅಂದಳು.

"ಸೊಸೆ ಎಂತ ಮಾಡ್ತಾಳೆ ದೇವಕ್ಕ?" ಎಂದು ಕೇಳಿದೆ.

"ಟೈಪು ಕಲ್ತಿದಾಳೆ. ಪ್ರೆಸ್ಸಿನ ಭಟ್ರು ಮದುವೆ ಕಾಗದದ ಕೆಲ್ಸ ಕೊಡ್ತೆ ಅಂದೀದ್ರು, ಮನೇಲಿ ಕಂಪ್ಯೂಟ್ರು ಇದ್ರೆ."

"ಹಂಗಾರೆ ಅವಳನ್ನೂ ಕರ್ಕೊಂಡು ಬಾ. ಕೀಬೋರ್ಡು ಅವಳ ಕೈಗೆ ಹೊಂದಬೇಕು."

"ಅವ್ಳೆಂತಕ್ಕೆ? ಕುಟ್ಟೂದು ಅವ್ಳು. ಕೊಡೂದು ನಾನು."

ಧಣಿಗಳು ಮಿಂಚುವ ಕ್ಯಾಬಿನೆಟ್ ಒಂದನ್ನು ಮೇಜಿನ ಮೇಲಿಟ್ಟರು. ದೇವಕ್ಕ ಅದರ ಚಂದ ನೋಡಲೇ ಇಲ್ಲ. ಎರಡೂ ಕೈ ಅಡಿಗೆ ಹಾಕಿ ಎತ್ತಿದಳು. "ಇದರಲ್ಲೆಂತ ಇದ್ದೀತು? ಖಾಲಿ ಡಬ್ಬಿ. ತೂಕ ಇಲ್ದಿದ್ದು ಎಂತಾ ಸಾಮಾನು?" ಎಂದು ಕೆಳಗಿಟ್ಟಳು. ನಾನು ಸಮಯ ಸಾಧಿಸಿ, ಒಂದು ಸಾದಾ ಕ್ಯಾಬಿನೆಟ್ಟಿಗೆ ಒಳ್ಳೆಯ ಎಸ್ಸೆಂಪಿಎಸ್ ಹಾಕಿ ಕೊಟ್ಟೆ. ಆ ಡಬ್ಬಿ ನಿಜಕ್ಕೂ ಭಾರ. ದೇವಕ್ಕ ಎತ್ತಿ ನೋಡಿ "ಹಾಂ, ಇದು ಆತು" ಅಂದಳು. ಚಿಕ್ಕ ಮಾನಿಟರ್, ಸಾಧಾರಣ ಪ್ರೊಸೆಸರ್, ಸಾಕಷ್ಟು ರ‍್ಯಾಮ್, ಗಟ್ಟಿ ಕೀಲಿಗಳ ಕೀಬೋರ್ಡು. ಸ್ಪೀಕರ್ ಬೇಡವೇ ಬೇಡ ಅಂದಳು. ಮನೆಯಲ್ಲಿ ಮಾತಾಡುವುದಕ್ಕೆ ತಾನೊಬ್ಬಳು ಸಾಕಂತೆ. ಟೈಪಿಂಗಿಗೆ ಅದಕ್ಕಿಂತ ಹೊಂದುವ ಮಷಿನ್ನನ್ನು ನಾನು ಆ ವರ್ಷ ಕೂಡಿಸಿರಲಿಲ್ಲ. ನನಗೆ ಒಳಗೊಳಗೇ ಜಂಬ ಬಂದಿತ್ತು.

ದೋಣಿಯಲ್ಲಿ ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಅಲೆ ಏಳುವಾಗೆಲ್ಲ ದೋಣಿಯ ಸುಬ್ರಾಯ "ಅಕ್ಕಾ, ಟೀವಿ ಕುಡೀತದೆ ನೀರು, ಹುಷಾರು" ಎಂದು ನಗುತ್ತಿದ್ದ. ಸಂಜೆಯ ಹೊತ್ತಿಗೆ ಎಲ್ಲ ಜೋಡಿಸಿ ಸ್ವಿಚ್ ಹಾಕಿದೆ. ಸೊಸೆ ಗುಲಾಬಿ ಕುಳಿತು ಟೈಪು ಮಾಡಿದಳು. ಆಹಾ, ಆ ಹುಡುಗಿಯ ಬೆರಳಿನ ಓಟವೇ! ಕೀಲಿ ನೋಡದೆ, ಅತ್ತೆಯ ಬೈಗುಳಕ್ಕೆ ಉತ್ತರ ಕೊಡುತ್ತಲೇ ಹೊಡೆಯುತ್ತಿದ್ದಳು. ಗಂಡ ಬೋಟಿನ ಕೆಲಸಕ್ಕೆ ಗೋವೆಯ ಕಡೆ ಹೋಗಿದ್ದ. ಮನೆಯಲ್ಲಿ ಇವರಿಬ್ಬರೇ.

ಭಟ್ಟರ ಏರ್ಪಾಡು ಹೀಗಿತ್ತು: ಬೆಳಗಿನ ದೋಣಿಯಲ್ಲಿ ಆಮಂತ್ರಣದ ಒಕ್ಕಣೆ ಬರಬೇಕು, ಮಧ್ಯಾಹ್ನದ ದೋಣಿಯಲ್ಲಿ ಟೈಪಾದ ಫ್ಲಾಪಿ ವಾಪಸು ಹೋಗಬೇಕು. ಅಂದರೆ ಗುಲಾಬಿಯ ಕೆಲಸವೆಲ್ಲ ಬೆಳಿಗ್ಗೆಯೇ ಆಗಬೇಕು. ಇದಾಗದಿದ್ದರೆ ಅವಳಿಗೆ ಅತ್ತೆಯ ಜೊತೆ ಬುಟ್ಟಿ ಹೊರುವುದೇ ಗತಿ. ಶಿವರಾತ್ರಿಯವರೆಗೆ ನೋಡುತ್ತೇನೆ, ನಡೆಯದಿದ್ದರೆ ಪೆಟ್ಟಿಗೆ ವಾಪಸು, ಸೊಸೆ ಪೇಟೆಗೆ ಎಂದು ದೇವಕ್ಕ ಮೊದಲ ದಿನವೇ ನಮ್ಮಿಬ್ಬರ ಎದುರಿಗೂ ಹೇಳಿದ್ದಳು. ಗುಲಾಬಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಬುಟ್ಟಿ ಹೊರುವುದು ಕೀಳೆಂದು ಅವಳು ಎಂದೂ ಅಂದವಳಲ್ಲ. ಟೈಪಿಂಗ್ ಪಾಸು ಮಾಡಿದ ಬೆರಳನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ, ಅಷ್ಟೇ.

ಮಾರನೆಯ ದಿನವೇ ಸುಬ್ರಾಯನ ಬಾಯಲ್ಲಿ ಸುದ್ದಿ ಬಂತು: ಕಂಪ್ಯೂಟರ್ ಮುಟ್ಟಿದರೆ ಜುಮ್ ಅನ್ನುತ್ತದೆ, ನಡುವೆ ತಾನಾಗಿ ಆರಿ ಮತ್ತೆ ಹತ್ತುತ್ತದೆ, ಟೈಪು ಮಾಡಿದ್ದೆಲ್ಲ ಹೋಗುತ್ತದೆ. ಅಂಗಡಿಯ ಬೆಳಗಿನ ಗದ್ದಲ ಮುಗಿಸಿ ಮಧ್ಯಾಹ್ನದ ಮೇಲೆ ಹೋದೆ. ಮಷಿನ್ನು ಗಬ್ಬದ ಹಸುವಿನಷ್ಟು ಸಾಧು. ಮುಟ್ಟಿದೆ, ತಟ್ಟಿದೆ, ಒಂದು ಗಂಟೆ ಓಡಿಸಿದೆ. ಏನೂ ಇಲ್ಲ. ರ‍್ಯಾಮ್ ಬಿಚ್ಚಿ, ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಹಾಕಿ ಬಂದೆ. ಕಾರಣ ಗೊತ್ತಾಗದಿದ್ದಾಗ ನಾವು ರಬ್ಬರಿನಿಂದ ಉಜ್ಜುತ್ತಿದ್ದೆವು. ಪುರೋಹಿತರು ನವಗ್ರಹ ಶಾಂತಿ ಹೇಳುವುದಿಲ್ಲವೇ, ಹಾಗೆ.

ಮತ್ತೆ ಸುದ್ದಿ ಬಂತು. ಮತ್ತೆ ಮಧ್ಯಾಹ್ನ ಹೋದೆ, ಮತ್ತೆ ಸಾಧು. ಈ ಸಲ ರ‍್ಯಾಮನ್ನೇ ಬದಲಾಯಿಸಿದೆ. ಇನ್ನೊಂದು ಸಲ ಹಾರ್ಡ್ ಡಿಸ್ಕಿನ ಕೇಬಲ್ ಬದಲಾಯಿಸಿದೆ. ಧಣಿಗಳಿಗೆ ಸಂತೋಷವೋ ಸಂತೋಷ. "ನಿನ್ನ ಭಾರದ ಡಬ್ಬಿಯೇ ಶಾಕ್ ಹೊಡೀತದೆ ನೋಡು. ನನ್ನ ಹಗೂರದ್ದು ಯಾರಿಗಾದ್ರೂ ಹೊಡೆದದ್ದುಂಟಾ?" ಅಂದರು. ಆಮೇಲೆ "ಇಲ್ಲಾ ಅಂದ್ರೆ ಹುಡುಗಿಗೇ ಬರೂದಿಲ್ಲ, ನೆಪ ಹೇಳ್ತಾಳೆ" ಎಂದೂ ಸೇರಿಸಿದರು. ಆ ಮಾತು ಮೀನು ಪೇಟೆಯವರೆಗೆ ಹೋಗಿ ದೇವಕ್ಕನ ಕಿವಿಗೆ ಬಿತ್ತು.

ಅಲ್ಲಿಂದ ಮನೆಯಲ್ಲಿ ರಗಳೆ ಶುರು. ನಾನು ಮುಂದಿನ ಸಲ ಹೋದಾಗ ಗುಲಾಬಿ ಹಿತ್ತಲಿಗೆ ಕರೆದುಕೊಂಡು ಹೋಗಿ ಕಣ್ಣೀರು ಹಾಕಿದಳು.

"ಅಕ್ಕಾ, ನಿಮ್ಮಾಣೆ, ನಾ ಸುಳ್ಳು ಹೇಳೂದಿಲ್ಲ. ಅತ್ತೆ ಮನೇಲಿ ಇಲ್ದಾಗ ಮಾತ್ರ ಇದು ಹಿಂಗೆ ಮಾಡ್ತದೆ. ಅತ್ತೆ ಬಂದ್ ಕೂಡ್ಲೆ ಸರಿ ಆಗ್ತದೆ. ನಾ ಯಾರ ಹತ್ರ ಹೇಳ್ಲಿ? ಯಾರ್ ನಂಬ್ತರು?"

ನನಗೆ ನಗು ಬಂತು, ಆದರೆ ಆ ಮುಖ ನೋಡಿ ನುಂಗಿಕೊಂಡೆ. ನೆರೆಹೊರೆಯವರು ನುಂಗಿಕೊಳ್ಳಲಿಲ್ಲ. ದೇವಕ್ಕನಿಗೆ ಮನುಷ್ಯರು ಮಾತ್ರವಲ್ಲ, ಕಂಪ್ಯೂಟರೂ ಹೆದರುತ್ತದೆ ಎಂದು ಕೇರಿಯೆಲ್ಲ ಹೇಳಿಕೊಂಡು ತಿರುಗಿತು. ಒಬ್ಬಳಂತೂ ತನ್ನ ಮನೆಯ ಮಿಕ್ಸರ್ ಕೆಟ್ಟಿದೆ, ಸ್ವಲ್ಪ ಬಂದು ಎದುರಿಗೆ ನಿಂತು ಹೋಗು ಎಂದು ದೇವಕ್ಕನನ್ನೇ ಕರೆದಳಂತೆ. ಯಾರೋ ಮಾನಿಟರಿಗೆ ದೇವಸ್ಥಾನದ ದಾರ ಕಟ್ಟಿದರು. ದಾರಕ್ಕೂ ಅದು ಬಗ್ಗಲಿಲ್ಲ.

ಅಷ್ಟರಲ್ಲಿ ದೊಡ್ಡ ಅನಾಹುತವಾಯಿತು. ಟೈಪಿನ ನಡುವೆ ಕಂಪ್ಯೂಟರ್ ಆರಿಹೋಗಿ, ಗುಲಾಬಿ ಮತ್ತೆ ತೆರೆದಾಗ ಹಿಂದಿನ ದಿನದ ಆಮಂತ್ರಣಕ್ಕೆ ಆ ದಿನದ್ದರ ಅರ್ಧ ಸೇರಿಕೊಂಡಿತ್ತು. ದೋಣಿ ಹೊರಡುವ ಗಡಿಬಿಡಿಯಲ್ಲಿ ಅವಳು ನೋಡಲಿಲ್ಲ, ಫ್ಲಾಪಿ ಹೋಯಿತು. ಭಟ್ಟರು ಅಚ್ಚಿಗೆ ಹಾಕುವ ಮೊದಲು ಓದದೇ ಇದ್ದಿದ್ದರೆ ಕಾಯ್ಕಿಣಿಯ ಮದುಮಗಳಿಗೆ ಕುಮಟೆಯ ಯಾರದೋ ಮದುಮಗ ಗಂಟುಬೀಳುತ್ತಿದ್ದ. ಇಬ್ಬರದೂ ಒಂದೇ ದಿನ, ಬೇರೆ ಬೇರೆ ಚಪ್ಪರ.

ಭಟ್ಟರು ನಮ್ಮ ಅಂಗಡಿಗೇ ಬಂದರು. "ಎಂತ ಮಾರಾಯ್ತಿ ಇದು! ಜಾತಕ ಕೂಡಿಸೋಕೆ ಜೋಯಿಸ್ರು ಇದ್ರು, ನಿಮ್ಮ ಕಂಪ್ಯೂಟರ್ ಎಂತಕ್ಕೆ? ಹುಡುಗಿ ಕೈ ಬಂಗಾರ, ಎನಗೆ ಗೊತ್ತಿದ್ದು. ಆದ್ರೆ ಇನ್ನೊಂದ್ಸಲ ಹಿಂಗಾದ್ರೆ ಕೆಲಸ ಬೇರೆಯವಕ್ಕೆ ಕೊಡ್ತೆ" ಎಂದು ಹೇಳಿ ಹೋದರು. ಶಿವರಾತ್ರಿ ಹತ್ತಿರ ಬಂದಿತ್ತು. ದೇವಕ್ಕ ಅದನ್ನೂ ಕಾಯಲಿಲ್ಲ. ನಾಳೆ ಮಧ್ಯಾಹ್ನದ ದೋಣಿಗೆ ಪೆಟ್ಟಿಗೆ ವಾಪಸು ಕಳಿಸುತ್ತೇನೆ ಎಂದು ಸುಬ್ರಾಯನಿಗೆ ಜಾಗ ಹಿಡಿದಿಡಲು ಹೇಳಿದಳು.

ಆಗ ನನ್ನ ಮಂದ ತಲೆಗೆ ಹೊಳೆಯಿತು. ರೋಗ ಬರುವುದು ಬೆಳಿಗ್ಗೆ. ವೈದ್ಯಳು ಹೋಗುವುದು ಮಧ್ಯಾಹ್ನ. ಮಾರನೆಯ ದಿನ ಧಣಿಗಳ ಗೊಣಗಾಟ ಕೇಳಿಸದವಳಂತೆ ಬೆಳಗಿನ ಮೊದಲ ದೋಣಿ ಹತ್ತಿದೆ. ಎದುರಿನಿಂದ ಬಂದ ದೋಣಿಯಲ್ಲಿ ದೇವಕ್ಕ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. "ಎಂತಕ್ಕೆ ಹೋಗ್ತೆ? ಪೆಟ್ಗೆ ನಾನೇ ತರ್ತೆ!" ಎಂದು ಹೊಳೆಯ ನಡುವೆಯೇ ಕೂಗಿದಳು.

ಗುಲಾಬಿ ಸ್ವಿಚ್ ಹಾಕಿದಳು. ನಾನು ಕ್ಯಾಬಿನೆಟ್ಟಿಗೆ ಕೈ ಇಟ್ಟೆ. ಅಯ್ಯಬ್ಬಾ! ಮೊಣಕೈಯವರೆಗೆ ಜುಮ್ ಎಂದು ಹೊಡೆಯಿತು. ನನಗೆ ಆದ ಸಂತೋಷ ಹೇಳತೀರದು. "ಹೊಡೀತು ಗುಲಾಬಿ, ಹೊಡೀತು!" ಎಂದು ಕುಣಿದೆ. ಗುಲಾಬಿಯೂ ಅಳುತ್ತ ನಕ್ಕಳು. ಪೆಟ್ಟಿಗೆಯ ಮೈಯಲ್ಲಿ ಎಲ್ಲಿ ಮುಟ್ಟಿಸಿದರೂ ಟೆಸ್ಟರಿನ ದೀಪ ಹತ್ತುತ್ತಿತ್ತು.

ಇದು ಅರ್ಥಿಂಗ್ ಕಥೆ ಎಂದು ಆಗ ತಿಳಿಯಿತು. ಒಳ್ಳೆಯ ಎಸ್ಸೆಂಪಿಎಸ್ ಬೇಡದ ಕರೆಂಟನ್ನು ಪೆಟ್ಟಿಗೆಯ ಮೈಗೆ ಬಿಟ್ಟು, ಮೂರನೇ ತಂತಿಯ ಮೂಲಕ ಭೂಮಿಗೆ ಇಳಿಸುತ್ತದೆ. ಭೂಮಿಯೇ ತೆಗೆದುಕೊಳ್ಳದಿದ್ದರೆ ಅದು ಮುಟ್ಟಿದವರ ಮೇಲೆ ಬೀಳುತ್ತದೆ, ಮಷಿನ್ನೂ ಗಲಿಬಿಲಿಗೊಂಡು ನಡುವೆ ಆರಿ ಹತ್ತುತ್ತದೆ. ಆ ತಂತಿಯ ಜಾಡು ಹಿಡಿದು ಹೊರಗೆ ಹೋದೆ. ಕಿಟಕಿ ದಾಟಿ, ಗೋಡೆ ಇಳಿದು, ತೆಂಗಿನ ಮರದ ಬುಡದಲ್ಲಿ ಒಂದು ಮೋಟು ಪೈಪಿಗೆ ಸುತ್ತಿತ್ತು. ವೈರಿಂಗಿನವನು ಇದ್ದಿಲು ಇಲ್ಲ, ಉಪ್ಪು ಇಲ್ಲ, ಆಳ ಇಲ್ಲ, ಹಾಗೇ ಮರಳಿನಲ್ಲಿ ಚುಚ್ಚಿ ಹೋಗಿದ್ದ. ಬೇಸಗೆಯ ಮರಳು ಹುರಿದ ರವೆಯ ಹಾಗೆ ಒಣಗಿತ್ತು. ಸರಿ, ತಪ್ಪು ಸಿಕ್ಕಿತು. ಆದರೆ ಮಧ್ಯಾಹ್ನ ತಾನಾಗಿ ಸರಿಯಾಗುವುದು ಹೇಗೆ? ಅದು ಮಾತ್ರ ನನಗೆ ಬಗೆಹರಿಯಲಿಲ್ಲ. ಟೆಸ್ಟರನ್ನು ಪೆಟ್ಟಿಗೆಗೆ ಹಿಡಿದುಕೊಂಡೇ ಇರು ಎಂದು ಗುಲಾಬಿಯನ್ನು ಒಳಗೆ ಕೂರಿಸಿ, ನಾನು ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ಮರಳು ಕೆದಕುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ದೇವಕ್ಕ ಬಂದಳು. ಅವಳ ಹಿಂದೆಯೇ ಸುಬ್ರಾಯನೂ ಪೆಟ್ಟಿಗೆ ಹೊರಲು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದ.

"ಏಳೇ ಅಲ್ಲಿಂದ! ಕಂಪ್ಯೂಟ್ರು ಒಳಗಿದ್ರೆ ನೀ ಮಣ್ಣು ಕೆದ್ಕೂದು ಎಂತಕ್ಕೆ? ಸೊಸೆಗೂ ಮಳ್ಳು, ಮೇಸ್ತ್ರಿಗೂ ಮಳ್ಳು. ಊರೋರ ಬಾಯಿಗೆ ನಾ ತುತ್ತಾದೆ. ಸಾಕು, ಇವತ್ತಿಗೆ ಸಾಕು!" ಎಂದು ಬೈಯುತ್ತ ಬಾವಿಕಟ್ಟೆಗೆ ಹೋಗಿ, ಮೀನಿನ ಬುಟ್ಟಿ, ಕತ್ತಿ, ಹಲಗೆ ಎಲ್ಲ ತೊಳೆದಳು. ಬೈಗುಳ ನಿಲ್ಲಿಸದೆಯೇ ಆ ಉಪ್ಪುಪ್ಪು ನೀರಿನ ಬೋಗುಣಿ ಎತ್ತಿಕೊಂಡು ಬಂದು, ನನ್ನನ್ನು ಬದಿಗೆ ತಳ್ಳಿ, ತೆಂಗಿನ ಬುಡಕ್ಕೆ ಸುರಿದಳು. ನಮ್ಮ ಕಡೆ ಮೀನು ತೊಳೆದ ನೀರನ್ನು ಯಾರೂ ದಂಡ ಮಾಡುವುದಿಲ್ಲ, ತೆಂಗಿಗೆ ಅದರಷ್ಟು ಒಳ್ಳೆಯ ಗೊಬ್ಬರವಿಲ್ಲ. ಅರ್ಧ ನೀರು ನನ್ನ ಸೀರೆಗೆ, ಅರ್ಧ ಪೈಪಿನ ಬುಡಕ್ಕೆ ಹೋಯಿತು.

ಒಳಗಿನಿಂದ ಗುಲಾಬಿ ಕಿರುಚಿದಳು: "ಅಕ್ಕಾ! ದೀಪ ಆರ್‌ತು! ಟೆಸ್ಟರಿನ ದೀಪ ಆರ್‌ತು!"

ನಾನು ಮೀನಿನ ಹುರುಪೆ ಮೆತ್ತಿದ ಸೀರೆಯಲ್ಲೇ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆ. ದೇವಕ್ಕ ದಿನಾ ಮಧ್ಯಾಹ್ನ ಸುರಿಯುವ ಉಪ್ಪು ನೀರಿಗೆ ಪೈಪು ಭೂಮಿಯನ್ನು ಹಿಡಿಯುತ್ತಿತ್ತು. ಬೆಳಗಾಗುವಷ್ಟರಲ್ಲಿ ಮರಳು ಒಣಗಿ ಬಿಟ್ಟುಬಿಡುತ್ತಿತ್ತು. ದೇವಕ್ಕನಿಗೆ ಬಿಡಿಸಿ ಹೇಳಿದೆ. ಅವಳು ನಂಬಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಪೆಟ್ಟಿಗೆಯ ಮೇಲೆ ಅವಳ ಕೈ ಇಡಿಸಿದೆ, ಏನೂ ಆಗಲಿಲ್ಲ. ಆಮೇಲೆ ಸ್ವಿಚ್ ಆರಿಸಿ, ಅರ್ಥಿಂಗ್ ತಂತಿ ಬಿಚ್ಚಿ, ಮತ್ತೆ ಸ್ವಿಚ್ ಹಾಕಿ ಇನ್ನೊಮ್ಮೆ ಇಡಿಸಿದೆ.

"ಅಬ್ಬೇ!" ಎಂದು ಕೈ ಕಿತ್ತುಕೊಂಡಳು. ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡಳು, ಸೊಸೆಯನ್ನು ಒಮ್ಮೆ ನೋಡಿದಳು. "ದಿನಾ ಹಿಂಗೇ ಹೊಡೀತಿತ್ತನೇ?" ಎಂದು ಕೇಳಿದಳು.

"ಹೌದು ಅತ್ತೆ."

"ಮತ್ತೆ ಹಿಂಗೇ ಕುಟ್ತಿದ್ಯಾ?"

ಬಾಗಿಲಲ್ಲಿ ನಿಂತಿದ್ದ ಸುಬ್ರಾಯ "ಪೆಟ್ಗೆ ಹೊರೂದಾ ದೇವಕ್ಕ?" ಎಂದ. "ನಿನ್ ತಲೆ ಹೊರು, ಹೋಗು!" ಎಂದು ದೇವಕ್ಕ ಅವನನ್ನು ಓಡಿಸಿದಳು.

ಅದೇ ಮಧ್ಯಾಹ್ನ ಸೊಸೆ, ಅತ್ತೆ, ನಾನು ಮೂವರೂ ಸೇರಿ ಮನೆಯ ಬದಿಯಲ್ಲಿ ಹೊಸ ಗುಂಡಿ ತೋಡಿದೆವು, ನೀರಿನ ಒಸರು ಸಿಗುವವರೆಗೆ. ಒಲೆಯ ಇದ್ದಿಲು, ಮೀನಿಗೆ ಹಾಕುವ ಹರಳುಪ್ಪು ಪದರ ಪದರವಾಗಿ ಹಾಕಿ, ಉದ್ದದ ಪೈಪು ನಿಲ್ಲಿಸಿ ತಂತಿ ಬಿಗಿದೆ. ಮಾರನೆಯ ದಿನ ಬೆಳಗಿನಿಂದಲೇ ಕಂಪ್ಯೂಟರ್ ನೆಟ್ಟಗೆ ಓಡಿತು. ಫ್ಲಾಪಿ ಮಧ್ಯಾಹ್ನದ ದೋಣಿಗೆ ತಪ್ಪದೆ ಹೋಗತೊಡಗಿತು, ಆ ಹಂಗಾಮಿನ ಮದುಮಕ್ಕಳು ತಂತಮ್ಮ ಚಪ್ಪರದಲ್ಲೇ ಮದುವೆಯಾದರು. ಧಣಿಗಳು ಮಾತ್ರ ಇಡೀ ಕಥೆ ಕೇಳಿ "ಅಂತೂ ನಮ್ಮ ರಾಮನ ತಪ್ಪಲ್ಲ" ಎಂದು ಸಮಾಧಾನ ಮಾಡಿಕೊಂಡರು.

ಬೇಸಗೆ ಏರಿದ ಮೇಲೆ ಒಮ್ಮೆ ಬೇರೊಬ್ಬರ ಪ್ರಿಂಟರ್ ನೋಡಲು ಬೆಳಗಿನ ದೋಣಿಯಲ್ಲಿ ಮಾವಿನಕುರ್ವೆಗೆ ಹೋಗಿದ್ದೆ. ಸುಬ್ರಾಯ ದೇವಕ್ಕ ಇನ್ನೂ ಬಂದಿಲ್ಲವೆಂದು ದಡದಲ್ಲೇ ಕೂಗು ಹಾಕುತ್ತಿದ್ದ. ಅವಳ ಮನೆಯ ಬದಿಗೆ ಹಾದುಹೋಗುವಾಗ ನೋಡಿದರೆ, ಪೇಟೆಗೆ ಹೊರಟ ಸೀರೆಯಲ್ಲೇ, ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಬಾವಿಯಿಂದ ಕೊಡಪಾನ ಹೊತ್ತು ತಂದು ಆ ಹೊಸ ಗುಂಡಿಗೆ ನೀರು ಸುರಿಯುತ್ತಿದ್ದಳು. ಒಳಗೆ ಟಕಟಕ ಟೈಪಿನ ಸದ್ದು.

"ದೇವಕ್ಕ, ಇದಕ್ಕೆ ನೀರು ಬೇಡ ಅಂತ ಹೇಳಿದ್ದೆನಲ್ಲ. ಒಸರಿನವರೆಗೆ ಇಳಿಸಿದೇವೆ. ಇನ್ನು ಶಾಕ್ ಹೊಡಿಯೂದಿಲ್ಲ. ಹೊಡೆದ್ರೂ ಎಂತ, ಯಾವ ಪಾರ್ಟು ಹೋದ್ರೂ ನಾ ಬದ್ಲಿ ಹಾಕಿ ಕೊಡ್ತೆ."

ದೇವಕ್ಕ ಕೊನೆಯ ಹನಿಯವರೆಗೂ ಸುರಿದು, ಕೊಡಪಾನ ಬೋರಲು ಹಾಕಿ, ಬುಟ್ಟಿಯನ್ನು ತಲೆಗೇರಿಸಿಕೊಂಡಳು.

"ಪೆಟ್ಗೆದು ನಿನ್ ಅಂಗ್ಡೀಲಿ ಸಿಗ್ತದೆ, ನಂಗೊತ್ತು. ಆ ಹುಡ್ಗಿ ಬೆರಳು ಹೋದ್ರೆ ಎಲ್ಲಿಂದ ತರ್ತೆ ನೀನು?"